ನಾಲ್ಕನೇ ಕಿಂಡಿಯ ಹಕ್ಕುದಾರರು

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿನಿಂದ ಎರಡು ಬೀದಿ ಈಚೆಗಿರುವ ಒಂದು ಫ್ಲ್ಯಾಟಿನಲ್ಲಿ ಭೋಜರಾಜರು ದಿನಕ್ಕೆ ಮೂರು ಸಲ ಸಿಟ್ಟಾಗುತ್ತಿದ್ದರು. ಬೆಳಿಗ್ಗೆ ಕಾಫಿ ಆರಿದ್ದಕ್ಕೆ. ಮಧ್ಯಾಹ್ನ ನೀರಿನ ಮೋಟಾರು ಹಾಕಿದವರು ಅದನ್ನು ಆರಿಸದೆ ಮಲಗಿದ್ದಕ್ಕೆ. ಸಂಜೆ ಯಾವುದಕ್ಕೆ ಎಂಬುದು ಸಂಜೆಯೇ ತೀರ್ಮಾನವಾಗುತ್ತಿತ್ತು. ಎಪ್ಪತ್ತೆರಡು ವರ್ಷ ಕ್ರಮಬದ್ಧವಾಗಿ ಬದುಕಿದ ಮನುಷ್ಯನಿಗೆ ಇದು ಹೆಚ್ಚೇನಲ್ಲ. ಆ ಮಂಗಳವಾರದ ಸಂಜೆಯ ಪಾಳಿಗೆ ಕಾರಣ ಒದಗಿಸಿದವಳು ಮೊಮ್ಮಗಳು ವೀಕ್ಷಾ.

ವೀಕ್ಷಾ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ತಾತನ ಜೊತೆ ಅವಳ ಸಂಭಾಷಣೆ ಐದು ವರ್ಷಗಳಿಂದ "ಸಾಪ್ಟಾಚ್ಚು" ಎಂಬ ಒಂದೇ ಪದದಲ್ಲಿ ನಡೆದುಬಂದಿತ್ತು. ಊಟವಾಯಿತು ಎಂಬುದು ಅದರ ಅರ್ಥ. ಕೇಳಿದ ಪ್ರಶ್ನೆ ಪರೀಕ್ಷೆಯ ಕುರಿತಾಗಿದ್ದರೂ ಉತ್ತರ ಅದೇ.

ಅಂದು ಅವಳ ಕೋಣೆಯಿಂದ ಒಬ್ಬ ಮನುಷ್ಯ, ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡವನ ಹಾಗೆ, ಇಂಗ್ಲಿಷಿನಲ್ಲಿ ಕಿರುಚುತ್ತಿದ್ದ. ಅವನ ಹಿಂದೆ ಯಾರೋ ಡ್ರಮ್ಮುಗಳನ್ನು ಶಿಕ್ಷಿಸುತ್ತಿದ್ದರು. ಭೋಜರಾಜರು ಬಾಗಿಲು ತಳ್ಳಿದರು.

"ಏನಮ್ಮಾ ಇದು? ಯಾರಿಗೆ ಏನಾಗಿದೆ?"

"ಕ್ಲಾಸಿಕ್ ರಾಕ್ ತಾತಾ. ನಂಬ ಊರು ಬ್ಯಾಂಡ್. ರಾಯಪುರಂ," ಎಂದಳು ವೀಕ್ಷಾ, ತಲೆ ಎತ್ತದೆ.

ನಮ್ಮ ಊರಿನದೇ ಎನ್ನುವುದು ನಿಜವಾಗಿತ್ತು. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ರಾಯಪುರದ ನಾಲ್ವರು ಆಂಗ್ಲೋ-ಇಂಡಿಯನ್ ಹುಡುಗರು 'ಲೇಮ್ ಲೈಟ್‌ಹೌಸ್', ಅಂದರೆ ಕುಂಟ ದೀಪಸ್ತಂಭ, ಎಂಬ ಹೆಸರಿನಲ್ಲಿ ಒಂದು ತಂಡ ಕಟ್ಟಿ ಒಂದೇ ಒಂದು ಹಾಡನ್ನು ಮುದ್ರಿಸಿ ಚದುರಿಹೋಗಿದ್ದರು. ಐವತ್ತು ವರ್ಷ ಯಾರೂ ಕೇಳದ ಆ ಹಾಡನ್ನು ಯಾವುದೋ ವಿದೇಶಿ ಕಂಪನಿ ಈಗ ಧೂಳು ಕೊಡವಿ ಬಿಟ್ಟಿತ್ತು. ಲಕ್ಷಾಂತರ ಜನ ಕೇಳುತ್ತಿದ್ದರು. ಎಲ್ಲರೂ ಕೇಳಿದ ಮೇಲೆ ಅದಕ್ಕೊಂದು ಅರ್ಥ ಬೇಕಾಯಿತು. ಆ ಕೊರತೆಯನ್ನು ತುಂಬುತ್ತಿದ್ದವನು ಪ್ರಮೋದ್ ಎಂಬ ಮೂವತ್ತರ ತರುಣ. ಹಳೆಯ ರಾಕ್ ಹಾಡುಗಳ ಹಿನ್ನೆಲೆ ಮತ್ತು ಅರ್ಥ ವಿವರಿಸುವುದು ಅವನ ಚಾನೆಲ್ಲಿನ ಕಸುಬು. ವೀಕ್ಷಾ ಈಗ ಅವನ ವಿಡಿಯೊ ಹಾಕಿದಳು.

"ವಿಂಡೊ ನಂಬರ್ ಫೋರ್," ಎಂದ ಪ್ರಮೋದ್ ಪರದೆಯ ಮೇಲೆ, ಇಂಗ್ಲಿಷಿನಲ್ಲಿ. "ಈ ನಾಲ್ಕನೇ ಕಿಂಡಿ ಎಂದರೆ ತುರ್ತು ಪರಿಸ್ಥಿತಿ. ಕೆಲವರು ಸಾವು ಎನ್ನುತ್ತಾರೆ. ಹಾಡಿನಲ್ಲಿ ಬರುವ 'ಹಾಲಿಡೇ ಅಂಡ್ ಪಿಳ್ಳೈ' ಸ್ವರ್ಗ ಮತ್ತು ನರಕಗಳ ಜೋಡಿ. 'ರೂಲ್ ಥರ್ಟಿ-ಒನ್' ಏನೆಂದು ಇನ್ನೂ ಚರ್ಚೆಯಲ್ಲಿದೆ."

ಭೋಜರಾಜರು ಮಂಚದ ಅಂಚಿಗೆ ಕುಳಿತರು. ಹಾಲಿಡೇ ಅಂಡ್ ಪಿಳ್ಳೈ ಎಂಬುದು ರಾಯಪುರದ ಬಂದರಿನ ಬಳಿ ಇದ್ದ, ಹಡಗಿನ ಸರಕು ಬಿಡಿಸಿಕೊಡುವ ಕಂಪನಿ. ಅದು ಮುಚ್ಚಿ ಮೂವತ್ತು ವರ್ಷವಾಗಿದೆ. ಅದರಲ್ಲಿ ನಾಲ್ಕು ಕಿಂಡಿಗಳಿದ್ದವು. ನಾಲ್ಕನೆಯದರ ಹಿಂದೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಬೆಳಗಿನ ಪಾಳಿಯಲ್ಲಿ ಕೂರುತ್ತಿದ್ದವರು ಅವರು.

"ಚರ್ಚೆ ಮಾಡೋಕೆ ಏನಿದೆ, ಮೂರ್ಖ," ಎಂದು ಪರದೆಗೆ ಹೇಳಿದರು. "ಮೂವತ್ತೊಂದನೇ ನಿಯಮ. ಸರಕನ್ನು ವಿಳಾಸದಾರನಿಗೆ ಖುದ್ದಾಗಿ ಒಪ್ಪಿಸತಕ್ಕದ್ದು. ಆ ಹಾಡು ನನ್ನ ಮೇಲೆ."

ವೀಕ್ಷಾ ತಲೆ ಎತ್ತಿದಳು. "ನಿಜಮಾವಾ ತಾತಾ?"

ಐದು ವರ್ಷಗಳಲ್ಲಿ ಅವಳು ತಾತನಿಗೆ ಕೇಳಿದ ಮೊದಲ ಪ್ರಶ್ನೆ ಇದು. ಆ ಸಂಜೆ ಒಟ್ಟು ಒಂಬತ್ತು ಕೇಳಿದಳು. ಭೋಜರಾಜರು ಎಣಿಸಿದ್ದರು, ಮರುದಿನ ಹಲ್ಲುಜ್ಜುವಾಗ ಹೆಂಡತಿಗೆ ಲೆಕ್ಕ ಒಪ್ಪಿಸಿದರು.

ಇಲ್ಲಿ ಒಂದು ಮಾತು. ಹಾಡಿನ ಇಂಗ್ಲಿಷಿನಲ್ಲಿ ಭೋಜರಾಜರಿಗೆ ತಿಳಿದದ್ದು ಕಿಂಡಿ, ಕಂಪನಿ, ನಿಯಮ ಈ ಮೂರೇ. ಉಳಿದದ್ದೆಲ್ಲ ಗಿಟಾರಿನಡಿ ಸಿಕ್ಕಿ ನುಜ್ಜುಗುಜ್ಜಾಗಿತ್ತು. ಆದರೂ ಅವರಿಗೆ ಸಂಶಯ ಬರಲಿಲ್ಲ. ಅವರು ಬೆಳೆದ ಮಾಧ್ವರ ಮನೆಯಲ್ಲಿ ಬೆಳಗಿನ ಐದಕ್ಕೆ ಶುರುವಾದರೆ ಮಲಗುವವರೆಗೆ ದಾಸರ ಪದ. ಒಬ್ಬರು ಬಾಗಿಲ ಹೊರಗೆ ನಿಂತು ಕೂಗುತ್ತಾರೆ, ಇನ್ನೊಬ್ಬರು ಒಳಗೆ ಕುಳಿತಿರುತ್ತಾರೆ, ಒಳಗೆ ಕುಳಿತವರ ಮೇಲೆ ಹಾಡು. ಅದು ಸ್ತುತಿಯಲ್ಲದೆ ಬೇರೇನಾದರೂ ಆಗಬಹುದೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

"ಸ್ತುತಿ ಮಾಡೋನು ಹಾಗೆ ಯಾಕೆ ಕಿರುಚ್ತಾನೆ?" ಎಂದು ಕೇಳಿದವರು ಹೆಂಡತಿ ಜಯಲಕ್ಷ್ಮಿ, ಕೊತ್ತಂಬರಿ ಸೊಪ್ಪು ಬಿಡಿಸುತ್ತ.

"ಆವೇಶ ಕಣೇ. ಭಕ್ತಿ ಮಿತಿಮೀರಿದರೆ ಹಾಗೇ."

"ನಲವತ್ತೆಂಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೀನಿ. ನನಗೂ ಎಷ್ಟೋ ಸಲ ಆ ಥರ ಕಿರುಚೋಣ ಅನ್ನಿಸಿದೆ. ಅದು ಭಕ್ತಿ ಅಂತ ಇವತ್ತು ಗೊತ್ತಾಯ್ತು."

ಸುದ್ದಿ ಮೆಟ್ಟಿಲಿಳಿದು ಮೊದಲ ಮಹಡಿಗೆ ಬಂತು. ಅಲ್ಲಿ ಇದ್ದವರು ಸುಜಯೀಂದ್ರ. ನಿವೃತ್ತ ಬ್ಯಾಂಕ್ ಅಧಿಕಾರಿ, ಬೀದಿಯ ಕನ್ನಡ ಕೂಟದ ಕಾರ್ಯದರ್ಶಿ. ಕೂಟಕ್ಕೆ ಆಗ ಒಂದು ಕಷ್ಟ ಒದಗಿತ್ತು. ಸನ್ಮಾನ ಮಾಡಬಹುದಾದ ಕನ್ನಡಿಗರನ್ನೆಲ್ಲ ಮಾಡಿ ಮುಗಿಸಿದ್ದರು. ಕೆಲವರನ್ನು ಎರಡು ಸಲ. ಬೀರುವಿನಲ್ಲಿ ಇನ್ನೂ ಎಂಟು ಶಾಲುಗಳು ಅರ್ಹರಿಗಾಗಿ ಕಾಯುತ್ತಿದ್ದವು.

"ಭೋಜರಾಜ್ ಅವರೆ, ಪ್ರಪಂಚವೇ ಕೇಳೋ ಹಾಡು. ಅದರ ನಾಯಕರು ನಮ್ಮ ಮೂರನೇ ಮಹಡಿಯಲ್ಲಿದಾರೆ. ನಮಗೇ ತಿಳಿಸಿಲ್ಲ ನೀವು," ಎಂದು ಅವರು ದೂರಿದರು.

"ಹೇಳ್ಕೊಳೋದು ನನಗೆ ಅಭ್ಯಾಸ ಇಲ್ಲ," ಎಂದರು ಭೋಜರಾಜರು. ಅಷ್ಟರಲ್ಲಿ ಅವರು ಹಾಲಿನವನಿಗೆ, ಇಸ್ತ್ರಿಯವನಿಗೆ ಮತ್ತು ತಪ್ಪಾಗಿ ಫೋನು ಮಾಡಿದ ಒಬ್ಬ ವಿಮಾ ಏಜೆಂಟನಿಗೆ ಹೇಳಿಯಾಗಿತ್ತು.

ವೀಕ್ಷಾ ತಿಳಿಸಿದ್ದರಿಂದ ಗುರುವಾರ ಪ್ರಮೋದ್ ಕ್ಯಾಮೆರಾ ಸಮೇತ ಬಂದ. ಅವನಿಗೂ ಕನ್ನಡ ಬರುತ್ತಿತ್ತು. ವೀಕ್ಷಾ ದೀಪ ಹಿಡಿದು ನಿಂತಳು. ಅವನು ಹಾಡಿನ ಹಿನ್ನೆಲೆ ಕೇಳಿದ, ಭೋಜರಾಜರು ಕೊಟ್ಟರು.

"ನಾಲ್ಕು ಜನ ಹುಡುಗರು ಬಂದರು. ಭುಜದ ತನಕ ಕೂದಲು. ಇವರ ಚಿಕ್ಕಮ್ಮ ಮ್ಯಾಂಚೆಸ್ಟರಿಂದ ಎರಡು ಪೆಟ್ಟಿಗೆ ಕಳಿಸಿದ್ದಳು. ಒಂದರಲ್ಲಿ ಡ್ರಮ್ ಸೆಟ್ಟು, ಇನ್ನೊಂದರಲ್ಲಿ ಸದ್ದು ಜಾಸ್ತಿ ಮಾಡೋ ಯಂತ್ರ. ವಿಳಾಸ ಏನು ಬರೆದಿದ್ದಳು? 'ಲೇಮ್ ಲೈಟ್‌ಹೌಸ್, ರಾಯಪುರಂ, ಮದ್ರಾಸು'. ಅಷ್ಟೆ. ನಾನು ಕೇಳಿದೆ, ನಿಮ್ಮಲ್ಲಿ ಲೇಮ್ ಲೈಟ್‌ಹೌಸ್ ಯಾರು? ನಾಲ್ಕು ಜನಾನೂ ನಾನು ನಾನು ಅಂದರು. ನಾಲ್ಕು ಜನ ಒಬ್ಬ ವಿಳಾಸದಾರ ಆಗೋಕಾಗಲ್ಲಪ್ಪ, ಒಬ್ಬೊಬ್ಬರು ಕಾಲು ಭಾಗ ಆಗ್ತೀರಿ, ಪೂರ್ತಿ ಆಸಾಮಿನ ಕರ್ಕೊಂಡು ಬನ್ನಿ ಅಂದೆ."

"ಆಮೇಲೆ?"

"ಮಾರನೇ ದಿನ ಬಂದು, ನಾಲ್ಕು ಜನಾನೂ ಸಹಿ ಹಾಕ್ತೀವಿ ಅಂದರು. ರಿಜಿಸ್ಟರಿನಲ್ಲಿ ಒಂದೇ ಚೌಕ ಇರೋದು. ನಾಲ್ಕು ಸಹಿ ಎಲ್ಲಿ ಹಿಡಿಸುತ್ತೆ? ಹನ್ನೊಂದು ದಿನ ಬಂದರು. ಹನ್ನೊಂದು ದಿನವೂ ಒಂದಿಂಚು ಬಗ್ಗಲಿಲ್ಲ ನಾನು. ಹನ್ನೆರಡನೇ ದಿನ ಮ್ಯಾನೇಜರ್ ಪಿಳ್ಳೈ ಆ ಕಡೆ ಬಂದು, 'ಕೊಟ್ಟು ಕಳಿಸ್ರಯ್ಯಾ' ಅಂದುಬಿಟ್ಟ. ಶಿಸ್ತೇ ಇಲ್ಲದ ಮನುಷ್ಯ."

"ಸಾರ್, ಹುಡುಗರು ಬೇಜಾರು ಮಾಡ್ಕೊಳ್ಳಲಿಲ್ವಾ?"

"ಬೇಜಾರು ಮಾಡ್ಕೊಂಡಿದ್ರೆ ಹಾಡು ಕಟ್ತಿದ್ರೇನಯ್ಯಾ?"

ಪ್ರಮೋದ್ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಅವನಿಗೆ ಹಾಡಿನ ಸಾಲುಗಳು ಬಾಯಿಪಾಠವಿದ್ದವು. ಆದರೆ ಕ್ಯಾಮೆರಾ ಓಡುತ್ತಿರುವಾಗ ಒಳ್ಳೆಯದು ಏನಾದರೂ ಸಂಭವಿಸುತ್ತಿದ್ದರೆ ಅಡ್ಡ ಬರಬಾರದೆಂಬುದು ಅವನ ವೃತ್ತಿಧರ್ಮ. ವೀಕ್ಷಾ ಮಾತ್ರ, "ತಾತಾ, ಲಿರಿಕ್ಸ್ ಒರು ತಡವೆ ಪಡಿಚ್ಚುಡುಂಗೊ," ಎಂದಳು. ಸಾಲುಗಳನ್ನು ಒಮ್ಮೆ ಓದಿಬಿಡಿ ಎಂದು. ಸ್ತುತಿಯನ್ನು ತಾನೇ ಓದಿಕೊಳ್ಳುವುದು ಸಭ್ಯತೆಯಲ್ಲ ಎಂದು ಭೋಜರಾಜರು ನಿರಾಕರಿಸಿದರು.

ಭಾನುವಾರ ಸಂಜೆ ಐದಕ್ಕೆ ಹತ್ತಿರದ ಶಾಲೆಯ ಸಭಾಂಗಣದಲ್ಲಿ ಸನ್ಮಾನ. ಅರವತ್ತು ಜನ, ಮೈಸೂರು ಬೋಂಡ, ಹಿಂದೆ ಪ್ರಮೋದನ ಕ್ಯಾಮೆರಾ. ಮೊದಲ ಸಾಲಿನಲ್ಲಿ ವೀಕ್ಷಾ. ಅವಳು ಕೂಟದ ಸಭೆಗೆ ಬಂದದ್ದು ಹುಟ್ಟಿದ ಮೇಲೆ ಇದೇ ಮೊದಲು. ಹಾಡನ್ನು ಕನ್ನಡಕ್ಕೆ ತರುವ ಕೆಲಸವನ್ನು ಸುಜಯೀಂದ್ರರು ವೃಂದಾ ಟೀಚರಿಗೆ ವಹಿಸಿದ್ದರು. ನಿವೃತ್ತ ಶಿಕ್ಷಕಿಯಾದ ಅವರು ಪದಕ್ಕೆ ಪದ ಇಡುವವರು. ಕೊಟ್ಟ ಕೆಲಸ ಅನುವಾದ. ಅಭಿಪ್ರಾಯ ಯಾರೂ ಕೇಳಿರಲಿಲ್ಲ, ಅವರೂ ಕೊಟ್ಟಿರಲಿಲ್ಲ. ಕನ್ನಡಕ ಸರಿಪಡಿಸಿಕೊಂಡು, ಗಮಕಕ್ಕೆ ಹತ್ತಿರದ ಧಾಟಿಯಲ್ಲಿ ಆರಂಭಿಸಿದರು:

"ನಾಲ್ಕನೇ ಕಿಂಡಿಯ ಹಿಂದೆ ಗೂಬೆಯೊಂದು ಕೂತಿದೆ,
ಮೂವತ್ತೊಂದು ಮೂವತ್ತೊಂದು ಎಂದು ಕೂಗುತಲಿದೆ.
ಹೆಸರು ಕೇಳುತ್ತದೆ, ಹೆಸರಿಗೆ ಸಾಕ್ಷಿ ಕೇಳುತ್ತದೆ,
ಸಾಕ್ಷಿಯ ಹೆಸರು ಕೇಳಿ ಊಟಕ್ಕೆ ಎದ್ದುಹೋಗುತ್ತದೆ."

ಸಭೆಯಲ್ಲಿ ಬೋಂಡ ಜಗಿಯುವ ಸದ್ದು ನಿಂತಿತು.

"ಎದೆಯಿರಬೇಕಾದಲ್ಲಿ ಅದಕ್ಕೆ ರಬ್ಬರಿನ ಮೊಹರು,
ತಲೆಯಿರಬೇಕಾದಲ್ಲಿ ಒಣಗಿದ ಮಸಿಯ ಕುಡಿಕೆ."

ಮೂರನೇ ಚರಣದಲ್ಲಿ ಗೂಬೆಯ ತಂದೆ ಯಾರೆಂದು ವಿಚಾರಿಸಲಾಗಿತ್ತು. ವೃಂದಾ ಟೀಚರ್ ಅದನ್ನೂ ಸ್ಪಷ್ಟ ಉಚ್ಚಾರಣೆಯಲ್ಲಿ ವಿಚಾರಿಸಿದರು. ನಾಲ್ಕನೆಯದಕ್ಕೆ ಪುಟ ತಿರುಗಿಸುವಷ್ಟರಲ್ಲಿ ಸುಜಯೀಂದ್ರರು ಮೈಕು ಕಸಿದುಕೊಂಡರು.

"ಬಂಧುಗಳೇ, ಇದು ನಿಂದಾಸ್ತುತಿ. ಬೈಯೋ ನೆಪದಲ್ಲಿ ಹೊಗಳೋದು ನಮ್ಮ ಪರಂಪರೆಯಲ್ಲೇ ಇದೆ. ಜಯ-ವಿಜಯರನ್ನ ನೋಡಿ. ವೈಕುಂಠದ ಬಾಗಿಲಲ್ಲಿ ಸನಕಾದಿ ಮಹರ್ಷಿಗಳನ್ನೇ ತಡೆದರು. ಬೈಸಿಕೊಂಡರು, ಶಾಪ ತಿಂದರು. ನಿಯಮ ಬಿಟ್ಟರಾ?"

"ಆಮೇಲೆ ರಾಕ್ಷಸರಾಗಿ ಹುಟ್ಟಿದರು ಸ್ವಾಮಿ," ಎಂದರು ಹಿಂದಿನ ಸಾಲಿನಿಂದ ಯಾರೋ.

"ಅದು ಮುಂದಿನ ಕಥೆ. ಈಗ ಶಾಲು ಹೊದಿಸೋಣ."

ಸಿಟ್ಟಿನಲ್ಲಿರುವ ಮನುಷ್ಯನಿಗೆ ಶಾಲು ಹೊದಿಸುವುದು ಕಷ್ಟ. ಭೋಜರಾಜರ ಭುಜಗಳು ಕಿವಿಯ ತನಕ ಏರಿದ್ದವು. ಶಾಲು ಎರಡು ಸಲ ಜಾರಿ ನೆಲಕ್ಕೆ ಬಿತ್ತು. ಮೂರನೆಯ ಸಲಕ್ಕೆ ಅವರೇ ಅದನ್ನು ಕಸಿದು, ಇನ್ನೊಂದು ಕೈಯಲ್ಲಿ ಮೈಕು ಹಿಡಿದರು.

"ಯಾರೋ ನಾಲ್ಕು ಪೋಲಿಗಳು ಬೈದಿದ್ದನ್ನ ತಂದು, ಗಮಕ ಮಾಡಿಸಿ, ಬೋಂಡ ಕೊಟ್ಟು ಕೇಳಿಸ್ತೀರಾ? ಆ ಗೂಬೆ ನಾನಲ್ಲ. ನಾಲ್ಕನೇ ಕಿಂಡಿಯಲ್ಲಿ ಎರಡು ಪಾಳಿ ಇತ್ತು. ಮಧ್ಯಾಹ್ನ ಕೂರ್ತಿದ್ದೋನು ಅಂದಾನಿ. ಊಟಕ್ಕೆ ಎದ್ದು ಹೋಗ್ತಿದ್ದೋನು ಅವನು. ಗೂಬೆ ಅಂದಾನಿ. ಎಲ್ಲರೂ ಬರ್ಕೊಳ್ಳಿ."

ಜಯಲಕ್ಷ್ಮಿ ಹೆಂಗಸರ ಸಾಲಿನಲ್ಲಿ ಪಕ್ಕದವರಿಗೆ, "ಟಿಫನ್ ಡಬ್ಬಿ ಯಾವತ್ತೂ ಖಾಲಿ ತರ್ತಿದ್ದರು, ಎದ್ದು ಹೋಗದೆ ತಿಂತಿದ್ದದ್ದು ಎಲ್ಲಿ?" ಎಂದರು. ಪ್ರಮೋದ್ ಎಲ್ಲವನ್ನೂ ಬರೆದುಕೊಳ್ಳುವ ಬದಲು ನೇರ ಪ್ರಸಾರ ಮಾಡುತ್ತಿದ್ದ.

ಮರುದಿನದಿಂದ ಭೋಜರಾಜರು ಫೋನು ಬಂದಾಗಲೆಲ್ಲ ಅದನ್ನು ಶತ್ರುವಿನಂತೆ ನೋಡಿದರು. ಅಂದಾನಿ ಬಂದು ಜಗಳ ತೆಗೆಯುವುದು ಖಚಿತ. ಅದಕ್ಕೆ ಬೇಕಾದ ವಾಕ್ಯಗಳನ್ನು ಸ್ನಾನ ಮಾಡುವಾಗ ಜೋರಾಗಿ ಅಭ್ಯಾಸ ಮಾಡಿದರು. ಶುಕ್ರವಾರ ಅಂದಾನಿ ಬಂದೇಬಿಟ್ಟರು. ಗದಗಿನ ಕಡೆಯವರು, ಪಲ್ಲಾವರಂನಲ್ಲಿ ಮನೆ, ವಯಸ್ಸು ಎಪ್ಪತ್ತಮೂರು. ವಾರದ ಸಂತೆ ಮುಗಿಸಿ ಸೀದಾ ರೈಲು ಹತ್ತಿದ್ದರು. ಚೀಲದಲ್ಲಿ ಸುವರ್ಣಗಡ್ಡೆ ಇತ್ತು. ಮೈಮೇಲೆ ಕಪ್ಪು ಟೀ ಶರ್ಟು. ಅದರ ಮೇಲೆ, ಎದೆಯುದ್ದಕ್ಕೂ, ಕನ್ನಡಕ ಹಾಕಿದ ಒಂದು ಬಿಳಿ ಗೂಬೆ.

"ಭೋಜಪ್ಪಾ, ನಿನ್ನ ಉಪಕಾರ ಈ ಜನ್ಮದಾಗ ತೀರಂಗಿಲ್ಲ ನೋಡು," ಎಂದರು ಅಂದಾನಿ, ಕುರ್ಚಿಗೆ ಕುಸಿಯುತ್ತ. "ನಮ್ಮ ಓಣಿ ಹುಡುಗ್ರು ಎಲ್ಲಾ ಬಂದು ಕಾಲಿಗೆ ಬಿದ್ರು. ಓಲ್ಡ್ ಔಲ್ ಅಂತಾರ ನನಗ. ಮೊನ್ನಿ ಒಂದು ಕಾಲೇಜಿನ್ಯಾಗ ಕರಸಿ ಸ್ಟೇಜ್ ಮ್ಯಾಲ ಕುಂಡ್ರಿಸಿದ್ರು. ನಾ ಏನೂ ಮಾಡಲಿಲ್ಲ, ಬರೇ 'ರೂಲ್ ಥರ್ಟಿ-ಒನ್' ಅಂದೆ. ಸೀಟಿ ಹೊಡದ್ರು."

ಭೋಜರಾಜರು ಅಭ್ಯಾಸ ಮಾಡಿದ ವಾಕ್ಯಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಷ್ಟರಲ್ಲಿ ವೀಕ್ಷಾ ಒಳಗಿನಿಂದ ಓಡಿಬಂದು ಅಂದಾನಿಯ ಕುರ್ಚಿಯ ಪಕ್ಕ ಮಂಡಿಯೂರಿ ಕುಳಿತು ಫೋಟೊ ತೆಗೆದುಕೊಂಡಳು. "ಅಂಕಲ್, ಅವರನ್ನ ಎಷ್ಟು ದಿನ ಓಡಾಡಿಸಿದ್ರಿ?" ಎಂದು ಕನ್ನಡದಲ್ಲಿ ಕೇಳಿದಳು. ಕನ್ನಡದಲ್ಲಿ.

"ಗೂಬೆ ನಾನು," ಎಂದರು ಭೋಜರಾಜರು.

"ಈಗ ಹ್ಯಾಂಗ? ಅರವತ್ತು ಮಂದಿ ಮುಂದ ನೀನ ಹೇಳಿಯಲ್ಲ, ಗೂಬಿ ಅಂದಾನಿ ಅಂತ."

"ಸಿಟ್ಟಿನಲ್ಲಿ ಅಂದೆ."

"ಸಿಟ್ಟಿನ್ಯಾಗ ಅಂದಿದ್ದೂ ರೆಕಾರ್ಡ್ ಆಗೇದ. ಈಗ ವಾಪಸ್ ತಗೊಳಾಕ ಬರಂಗಿಲ್ಲ."

"ಹನ್ನೊಂದು ದಿನ ಅವರನ್ನ ಅಲೆಸಿದೋನು ನಾನು. ನಾಲ್ಕು ಸಹಿ ಹಿಡಿಸಲ್ಲ ಅಂದಿದ್ದು ನಾನು. ಅದೆಲ್ಲ ಬೆಳಗಿನ ಪಾಳಿ."

"ಮಧ್ಯಾಹ್ನ ಬರ್ತಿದ್ದಿಲ್ಲೇನು ಅವರು? ಲೇಮ್ ಲೈಟ್‌ಹೌಸ್ ಜೀವಂತ ಐತಿ ಅಂತ ಗೆಜೆಟೆಡ್ ಆಫೀಸರ್ ಕಡಿಂದ ಸರ್ಟಿಫಿಕೇಟ್ ತರ್ರಿ ಅಂದಾವ ಯಾರು? ಅಂದಾನಿ. ಆ ಹುಡುಗ್ರು ಬಂದರಿನ ಆಫೀಸಿಗೆ ಹೋಗಿ ಕೇಳಿದ್ರ, ಅಲ್ಲಿಯವರು 'ನಮ್ಮ ದೀಪಸ್ತಂಭ ಛಲೋ ಐತಿ, ಕುಂಟ ಆಗಿಲ್ಲ' ಅಂತ ಬರಕೊಟ್ರು. ಅದನ್ನೂ ವಾಪಸ್ ಕಳಿಸಿದೆ ನಾ. ಸ್ಟಾಂಪ್ ಓರೆ ಐತಿ ಅಂತ."

ವೀಕ್ಷಾ ನಕ್ಕಳು. ಭೋಜರಾಜರು ಎದ್ದು ನಿಂತರು.

"ಓರೆ ಸ್ಟಾಂಪು ನಾನು ನಿನಗೆ ಕಲಿಸಿದ್ದು, ಅಂದಾನಿ."

"ಕಲಿಸಿರಬೇಕು. ಬಾರಿಸಿದಾವ ನಾನು."

ಇಬ್ಬರು ನಿವೃತ್ತರು ತಾವು ಎಷ್ಟು ಕೆಟ್ಟ ಗುಮಾಸ್ತರಾಗಿದ್ದೆವೆಂದು ಸಾಧಿಸುವ ಈ ವಾದ ಊಟದ ಹೊತ್ತು ಮೀರಿ ನಡೆಯಿತು. ಬೇರೆ ಯಾವ ಕಚೇರಿಯಲ್ಲೂ ಸಾಮಾನ್ಯವಾಗಿ ಇಂಥ ಮಾಹಿತಿ ಅರ್ಜಿ ಹಾಕಿದರೂ ಸಿಗುವುದಿಲ್ಲ. ಜಯಲಕ್ಷ್ಮಿ ಸುವರ್ಣಗಡ್ಡೆ ಹೆಚ್ಚುತ್ತ, "ಇಬ್ಬರೂ ಗೂಬೆಗಳೇ, ಎಲೆ ಹಾಕಿದೀನಿ ಬನ್ನಿ," ಎಂದರು. ಇಬ್ಬರೂ ಅದನ್ನು ಒಪ್ಪಲಿಲ್ಲ. ಗೂಬೆ ಒಂದೇ ಎಂಬ ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು.

ತೀರ್ಮಾನದ ದಾರಿ ತೋರಿಸಿದವಳು ವೀಕ್ಷಾ. ತಂಡದಲ್ಲಿ ಹಾಡಿದವನೂ ಹಾಡು ಬರೆದವನೂ ಲೆಸ್ಲಿ. ಅವನು ತೀರಿಹೋಗಿ ಒಂಬತ್ತು ವರ್ಷವಾಗಿದೆ. ಆದರೆ ಅವನ ತಮ್ಮ, ಬೇಸ್ ಗಿಟಾರಿನ ಟ್ರೆವರ್ ಡಿಮೊಂಟಿ, ರಾಯಪುರದಲ್ಲೇ ಇದ್ದಾನೆಂದು ಪ್ರಮೋದ್ ಪತ್ತೆ ಮಾಡಿದ್ದ. "ಅವರ್ಕಿಟ್ಟಯೇ ಕೇಕ್ಕಲಾಂ ತಾತಾ," ಎಂದಳು, ಅವರನ್ನೇ ಕೇಳಿಬಿಡೋಣ.

ಶನಿವಾರ ಬೆಳಿಗ್ಗೆ ಹೊರಟರು. ಲೋಕಲ್ ರೈಲಿನಲ್ಲಿ ವೀಕ್ಷಾ ಇಬ್ಬರು ಮುದುಕರ ನಡುವೆ ಕುಳಿತಳು. ಒಬ್ಬರನ್ನೊಬ್ಬರು ಮುಟ್ಟದಂತೆ ನೋಡಿಕೊಳ್ಳಲು. ದಾರಿಯುದ್ದಕ್ಕೂ ತಾತನನ್ನೇ ಏನೇನೋ ಕೇಳಿದಳು: ಕಿಂಡಿಗೆ ಸರಳು ಇತ್ತೋ ಗಾಜು ಇತ್ತೋ, ಲೆಸ್ಲಿ ಹೇಗಿದ್ದ, ಆ ರೂಲ್ ಪುಸ್ತಕ ಯಾವ ಬಣ್ಣ. ಕಡಲಿನ ಕಡೆಯ ಸ್ಟೇಷನ್ನಿನಲ್ಲಿ ಇಳಿದಾಗ ಭೋಜರಾಜರು ಹತ್ತು ವರ್ಷ ಚಿಕ್ಕವರಾಗಿದ್ದರು.

ಟ್ರೆವರ್ ಡಿಮೊಂಟಿಯ ಮನೆ ಮೀನುಗಾರರ ಬಂದರಿನ ಹಿಂದಿನ ಗಲ್ಲಿಯಲ್ಲಿತ್ತು. ಲುಂಗಿ, ಊದಿದ ಮೊಣಕಾಲು, ಮೇಜಿನ ಮೇಲೆ ಹೊಸದಾಗಿ ಮುದ್ರಣವಾದ ಹಾಡಿನ ತಟ್ಟೆ, ಅದರ ಜೊತೆ ಬಂದ ಸಾಲುಗಳ ಹಾಳೆ. ಅವರು ಮಾತಾಡಿದ್ದು ಇಂಗ್ಲಿಷು, ನಡುನಡುವೆ ರಾಯಪುರದ ತಮಿಳು; ಬೈಗುಳಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಇದರಿಂದ ಅವರ ಮಾತು ಅರ್ಧಕ್ಕೆ ಇಳಿದಿದೆ.

ಕ್ಯಾಮೆರಾ ಸಮೇತ ಆಗಲೇ ಅಲ್ಲಿಗೆ ಬಂದಿದ್ದ ಪ್ರಮೋದ್ ಮೊದಲು ತನ್ನ ಸಂಶಯ ಕೇಳಿದ. "ಸಾರ್, ಕಿಂಡಿ ತುರ್ತು ಪರಿಸ್ಥಿತಿಯ ಸಂಕೇತ ಅಲ್ಲವೇ?"

"ಕಿಂಡಿ," ಎಂದರು ಟ್ರೆವರ್, ಎರಡು ಕೈಗಳನ್ನು ಒಂದೂವರೆ ಅಡಿ ಅಗಲಿಸಿ. "ಇಷ್ಟು. ಕೈ ಹಾಕಿದರೆ ಮರದ ಚೂರು ಚುಚ್ಚುತ್ತಿತ್ತು."

"ಹಾಡಿನಲ್ಲಿ ಇರೋರು ಇವರಿಬ್ಬರಲ್ಲಿ ಒಬ್ಬರು, ಸಾರ್. ಇಬ್ಬರೂ ತಾನೇ ಅಂತಾರೆ."

ಟ್ರೆವರ್ ಇಬ್ಬರನ್ನೂ ನೋಡಿದರು. ಗೂಬೆಯ ಟೀ ಶರ್ಟನ್ನೂ ನೋಡಿದರು. "ಐವತ್ತು ವರ್ಷದಲ್ಲಿ ಆ ಕಂಪನಿಯಿಂದ ಸಾರಿ ಅನ್ನೋಕೆ ಒಬ್ಬನೂ ಬರಲಿಲ್ಲ. ಈಗ ಬಹುಮಾನ ಕೇಳೋಕೆ ಇಬ್ಬರು ಬಂದಿದ್ದಾರೆ. ಮುಖ ನನಗೆ ನೆನಪಿಲ್ಲ. ಕೊಲಂಬೊಗೆ ಹೋಗೋ ಹಡಗು ಒಂಬತ್ತನೇ ದಿನ ಬಿಟ್ಟಿತು, ಅದು ನೆನಪಿದೆ. ಅಲ್ಲಿ ಒಂದು ತಿಂಗಳು ನುಡಿಸೋಕೆ ಕರೆದಿದ್ದರು. ಪೆಟ್ಟಿಗೆ ಸಿಕ್ಕಾಗ ಸ್ಪೀಕರಿನ ಕಾಗದವನ್ನ ಇಲಿ ತಿಂದಿತ್ತು. ಈ ಹಾಡೊಂದನ್ನ ಮುದ್ರಿಸಿದ ಮೇಲೆ ಡ್ರಮ್ಮಿನವನು ಬೇರೆ ಕೆಲಸಕ್ಕೆ ಸೇರಿದ. ಮುಗೀತು."

ಇಂಥ ಮಾತಿನ ನಂತರ ಸಾಮಾನ್ಯರು ಚಪ್ಪಲಿ ಹುಡುಕುತ್ತಾರೆ. ಅಂದಾನಿ ಕೆಮ್ಮಿ, "ಆ ಸರ್ಟಿಫಿಕೇಟ್ ವಾಪಸ್ ಕಳಿಸಿದಾವ ನಾನ ರೀ," ಎಂದರು. ಪ್ರಮೋದ್ ಅದನ್ನು ಇಂಗ್ಲಿಷಿಗೆ ಬದಲಿಸಿದ. ಟ್ರೆವರ್ ಅವರ ಕಡೆಗೆ ಬೆರಳೆತ್ತಿದರು. "ಓರೆ ಸ್ಟಾಂಪು. ಹೌದು. ಅದಕ್ಕೆ ಲೆಸ್ಲಿ ಮೂರು ದಿನ ಊಟ ಮಾಡಲಿಲ್ಲ. ಹಾಗಾದರೆ ನೀನೇ ಇರಬೇಕು."

ವೀಕ್ಷಾ ಅಂದಾನಿಯ ಕಡೆಗೆ ತಿರುಗಿದಳು. ಕೈಯಲ್ಲಿ ಫೋನು ಇತ್ತು.

"ತಾಳಿ," ಎಂದರು ಭೋಜರಾಜರು. "ಸ್ಟಾಂಪು ಗೀಂಪು ಏನು ಮಹಾ. ಇವನಿಗೆ ಮೂವತ್ತೊಂದು ಬಿಟ್ಟರೆ ಬೇರೆ ನಿಯಮವೇ ಗೊತ್ತಿರಲಿಲ್ಲ. ಪಾಪದ ಪ್ರಾಣಿ. ನನಗೆ ಮೂವತ್ತೆರಡು ಗೊತ್ತಿತ್ತು."

"ಅದೇನು ಮೂವತ್ತೆರಡು?" ಎಂದ ಪ್ರಮೋದ್.

"ವಿಳಾಸದಾರನು ಸಂಘವೋ ತಂಡವೋ ಆಗಿದ್ದಲ್ಲಿ, ಇಬ್ಬರು ಸದಸ್ಯರ ಹೇಳಿಕೆ ಪಡೆದು ಸರಕು ಒಪ್ಪಿಸಬಹುದು. ಮುಂದಿನ ಪುಟದಲ್ಲೇ ಇತ್ತು. ಮೂರನೇ ದಿನ ಓದಿದೆ. ಓದಿ ಪುಸ್ತಕ ಮುಚ್ಚಿಟ್ಟೆ. ಎರಡು ದಿನ ಇಲ್ಲ ಅಂದು ಮೂರನೇ ದಿನ ಹೌದು ಅಂದರೆ, ಮೊದಲಿನ ಎರಡು ದಿನ ನಾನು ತಪ್ಪು ಅಂತಾಗುತ್ತೆ. ಆಮೇಲೆ ಎಂಟು ದಿನ ಬಂದರು. ಎಂಟು ದಿನವೂ ಆ ಪುಟದ ಮೇಲೆ ಕೈ ಇಟ್ಟುಕೊಂಡೇ ಇಲ್ಲ ಅಂದೆ. ಹೇಳು ಅಂದಾನಿ, ಈಗ ಗೂಬೆ ಯಾರು?"

ಅಂದಾನಿ ಚೀಲವನ್ನು ಎದೆಗೆ ಹಿಡಿದು ಗೂಬೆಯನ್ನು ಮುಚ್ಚಿಕೊಂಡರು. "ನೀನಪ್ಪಾ. ನನಗ ಮೂವತ್ತೆರಡು ಗೊತ್ತಿದ್ದಿಲ್ಲ. ನಾ ಇದ್ರಾಗಿಲ್ಲ."

ವಾದದಲ್ಲಿ ಸಂಪೂರ್ಣವಾಗಿ ಗೆದ್ದ ಭೋಜರಾಜರು ಸಭೆಯ ಮೆಚ್ಚುಗೆಗಾಗಿ ಸುತ್ತ ನೋಡಿದರು. ಪ್ರಮೋದ್ ಅದನ್ನೂ ಟ್ರೆವರ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ಕ್ಯಾಮೆರಾ ಕೆಳಗಿಳಿಸಿದ್ದ. ವೀಕ್ಷಾ ಮೊಮ್ಮಗಳಂತೆ ಕಾಣಲಿಲ್ಲ. ಕಿಂಡಿಯ ಮುಂದೆ ಸರದಿಯಲ್ಲಿ ನಿಂತವಳಂತೆ ಕಂಡಳು.

ಟ್ರೆವರ್ ಮೇಜಿನ ಮೇಲಿದ್ದ ಹಾಡಿನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಕೊನೆಯ ಚರಣ ಓದಿದ್ದೀಯಾ?"

"ನಮ್ಮಲ್ಲಿ ಮೂರಕ್ಕೇ ನಿಲ್ಲಿಸಿದರು," ಎಂದರು ಭೋಜರಾಜರು.

ಟ್ರೆವರ್ ಓದಲಿಲ್ಲ, ಹೇಳಿದರು, ಮೆಲ್ಲಗೆ, ಗಿಟಾರಿಲ್ಲದೆ. ಪ್ರತಿಯೊಂದು ಪದವೂ ಭೋಜರಾಜರಿಗೆ ಅರ್ಥವಾಯಿತು.

"ಬಿಡು, ಅವನ ಮೇಲೆ ಸಿಟ್ಟಿಲ್ಲ ನನಗೆ,
ಅವನೂ ನಿಂತಿದ್ದಾನೆ ಕಿಂಡಿಯ ಆ ಬದಿಗೆ.
ಅವನ ಪುಸ್ತಕದಲ್ಲಿ ಇನ್ನೊಂದು ಪುಟ ಇದ್ದಿದ್ದರೆ
ತೆರೆದು ತೋರುತ್ತಿದ್ದ, ಪಾಪ, ಅವನೇ ನಮಗೆ."

"ಈ ಹಾಡಿನ ಅರ್ಥ ಕೇಳಿಕೊಂಡು ಬಂದೆಯಲ್ಲ, ಇದೇ ಅರ್ಥ," ಎಂದರು ಪ್ರಮೋದನಿಗೆ. "ಇದಕ್ಕಾಗಿಯೇ ಹಾಡು ಕಟ್ಟಿದ್ದು. ಮೊದಲ ಮೂರು ಚರಣ ನಾನೂ ಬರೆಯುತ್ತಿದ್ದೆ, ಯಾವ ಮೂರ್ಖನೂ ಬರೆಯುತ್ತಿದ್ದ. ಇದನ್ನ ಲೆಸ್ಲಿ ಬರೆದ. ನಮ್ಮ ಡ್ರಮ್ಮಿನವನಿಗೂ ಅವನಿಗೂ ಇದಕ್ಕೇ ಜಗಳವಾಯಿತು, ಆ ಗುಮಾಸ್ತನಿಗೆ ಯಾಕೆ ಮಾಫಿ ಅಂತ. ಗುಮಾಸ್ತ ಏನು ಮಾಡ್ತಾನೆ, ನಿಯಮ ಹಾಗಿದೆ, ಅಂದ ಲೆಸ್ಲಿ. ಸಾಯೋ ತನಕ ಹಾಗೇ ಅಂದುಕೊಂಡಿದ್ದ." ಜೇಬು ತಡವಿದರು. "ಪೆನ್ನು ಕೊಡಿ ಯಾರಾದರೂ. ಮುಂದಿನ ತಿಂಗಳು ಕಾಲೇಜು ಹುಡುಗರು ಇದನ್ನ ಮತ್ತೆ ಹಾಡ್ತಿದ್ದಾರೆ. ಆ ಚರಣ ಹೊಡೆದುಹಾಕ್ತೀನಿ."

ಪ್ರಮೋದ್ ಪೆನ್ನು ಕೊಡಲಿಲ್ಲ. ಅಂದಾನಿ ಕೊಡಲಿಲ್ಲ. ವೀಕ್ಷಾ ತನ್ನ ಚೀಲ ತೆರೆದು ಕೊಟ್ಟಳು.

ಭೋಜರಾಜರು ಎದ್ದು ನಿಂತರು. ಮುಖ ಕೆಂಪಾಗಿತ್ತು. ಮೇಜಿನ ಆಚೆಯಿಂದ ಬಗ್ಗಿ, ಆ ಹಾಳೆಯ ಮೇಲೆ ಅಂಗೈ ಊರಿದರು.

"ಹಾಗೆಲ್ಲ ಹೊಡೆದುಹಾಕೋಕೆ ಬರಲ್ಲ. ಅಚ್ಚಾಗಿರೋ ದಾಖಲೆ ಇದು. ಬರೆದವನು ಖುದ್ದಾಗಿ ಬಂದು ಸಹಿ ಹಾಕಬೇಕು. ನೀವು ಬರೆದವರಲ್ಲ. ನಿಮಗೆ ಅಧಿಕಾರ ಇಲ್ಲ."

ಇಂಗ್ಲಿಷಿನಲ್ಲೇ ಹೇಳಿದರು, ಆ ಇಂಗ್ಲಿಷು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಟ್ರೆವರ್ ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವರ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹಾಂ," ಎಂದರು. "ಇವನೇ."

ವಾಪಸು ಹೊರಡಲು ಸ್ಟೇಷನ್ನಿಗೆ ಬಂದರು. ರೈಲು ಬಂತು. ವೀಕ್ಷಾ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ನಡೆದುಹೋಗಿ ಹೆಂಗಸರ ಡಬ್ಬಿ ಹತ್ತಿದಳು. ಭೋಜರಾಜರು ಎರಡು ಹೆಜ್ಜೆ ಆ ಕಡೆ ಹೋಗಿ, ಬಾಗಿಲಿನ ಮೇಲೆ ಬರೆದದ್ದನ್ನು ಓದಿ, ನಿಂತರು. ಗಾರ್ಡು ಸೀಟಿ ಊದಿದ. ಅಂದಾನಿ ಅವರ ತೋಳು ಹಿಡಿದು ಪಕ್ಕದ ಡಬ್ಬಿಗೆ ಎಳೆದುಕೊಂಡರು.

ಇಬ್ಬರಿಗೂ ಸೀಟು ಸಿಕ್ಕಿತು. ಅಂದಾನಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಒಂದು ಸ್ಟೇಷನ್ ಕಳೆಯಿತು.

"ಗೆದ್ದಿ ಬಿಡಪಾ," ಎಂದರು ಆಮೇಲೆ.